ಹಲ್ಲಿ ದೊರೆಗಳು, ಸೆರೆಯಾಳು ವಾನರರು!

ಪರದೇಶದ ಕಾಮಿಕ್ಸು, ಭದ್ರಾವತಿಯ ಕಾಗದ, ಮಲೆನಾಡಿನ ಓತಿ... ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರೆ?

ಈ ಕಥೆಯಲ್ಲಿ ಹೀರೋ ಹಾಡುವುದಿಲ್ಲ, ಹೀರೋಯಿನ್ ಅಳುವುದಿಲ್ಲ, ಕೊನೆಯಲ್ಲಿ ಪೊಲೀಸ್ ಜೀಪೂ ಬರುವುದಿಲ್ಲ. ಇರುವುದು ಎರಡೇ ಪಂಗಡ. ಒಂದು ಕಡೆ ಮೈಯೆಲ್ಲ ಹುರುಪೆ, ಹಣೆಯಲ್ಲಿ ಮೂರನೇ ಕಣ್ಣು ಇರುವ, ಎರಡೇ ಕಾಲಿನ ಮೇಲೆ ನಡೆದಾಡುವ ಹಲ್ಲಿ ದೊರೆಗಳು. ಅವರಿಗೆ ಯಂತ್ರ ಉಂಟು, ವಿಜ್ಞಾನ ಉಂಟು, ಭೂಮಿಯೆಲ್ಲ ತಮ್ಮದೇ ಎಂಬ ಗತ್ತೂ ಉಂಟು. ಇನ್ನೊಂದು ಕಡೆ ಆ ದೊರೆಗಳ ಕೈಯಲ್ಲಿ ಸೆರೆಸಿಕ್ಕ ವಾನರರು. ಕಾಲ? ಮನುಷ್ಯ ಅನ್ನೋ ಪ್ರಾಣಿ ಇನ್ನೂ ಹುಟ್ಟೇ ಇಲ್ಲದ ಕಾಲ!

ಇನ್ನೂ ಮಜಾ ಏನು ಗೊತ್ತೇ? ಆ ಸೆರೆಯಾಳು ವಾನರರು ಬೇರೆ ಯಾರೂ ಅಲ್ಲ, ನಾವೇ. ನಮ್ಮ ಮುತ್ತಜ್ಜನ ಮುತ್ತಜ್ಜಂದಿರು.

ಇಂಗ್ಲೆಂಡಿನ 'ಡಾಕ್ಟರ್ ಹೂ ವೀಕ್ಲಿ' ಎಂಬ ವಾರಪತ್ರಿಕೆಯಲ್ಲಿ 1980ರಲ್ಲಿ ಬಂದ 'ಟ್ವಿಲೈಟ್ ಆಫ್ ದ ಸೈಲೂರಿಯನ್ಸ್' ಎಂಬ ಪುಟ್ಟ ಚಿತ್ರಕಥೆಯ ಹಂದರ ಇದು. ಸೈಲೂರಿಯನ್ನರ ಮುಸ್ಸಂಜೆ ಎಂದು ಬೇಕಾದರೆ ಕನ್ನಡ ಮಾಡಿಕೊಳ್ಳಿ. ಸೈಲೂರಿಯನ್ ಎಂದರೆ ಆ ಮುಕ್ಕಣ್ಣ ಹಲ್ಲಿಗಳ ಕುಲದ ಹೆಸರು.

"ಇದನ್ನ ತಗೊಂಡು ನಮ್ಮ ಕಾಗದನಗರದವರು ಏನ್ ಮಾಡ್ಬೇಕು ಸ್ವಾಮಿ?" ಎಂದು ಕೇಳುವವರು ಸ್ವಲ್ಪ ತಾಳಿ. ಇಂಥ ಕಥೆ ಅಚ್ಚಾಗಲು ಕಾಗದ ಬೇಕು. ಕಾಗದಕ್ಕೆ ಮರ ಬೇಕು. ಆ ಮರದ ಮೇಲೆ ನಿಜವಾದ ಹಲ್ಲಿಯೊಂದು ಕೂತಿತ್ತು, ಈಗಲೂ ಕೂತಿದೆ. ಅದರ ಕಥೆಯನ್ನು ಬರೆದವರು ನಮ್ಮವರೇ. ಆ ಕಥೆಯಲ್ಲಿ ಯಾರು ಯಾರನ್ನು ಸೆರೆಹಿಡಿಯುತ್ತಾರೆ ಎಂಬುದೇ ಈ ಲೇಖನದ ಕ್ಲೈಮ್ಯಾಕ್ಸ್!

ಮೂರನೇ ಕಥೆ

'ಡಾಕ್ಟರ್ ಹೂ' ಎಂಬುದು ಬಿ.ಬಿ.ಸಿ.ಯವರು 1963ರ ನವೆಂಬರಿನಲ್ಲಿ ಶುರುಮಾಡಿದ ಟೆಲಿವಿಷನ್ ಧಾರಾವಾಹಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡಬಲ್ಲ ಒಬ್ಬ ವಿಚಿತ್ರ ಡಾಕ್ಟರು ಅದರ ನಾಯಕ. 1970ರ ಹೊತ್ತಿಗೆ ಕಥೆಗಾರರು ಅವನನ್ನು ಭೂಮಿಯಲ್ಲೇ ಕಟ್ಟಿಹಾಕಿದ್ದರು. ಬರಹಗಾರ ಮಾಲ್ಕಮ್ ಹಲ್ಕ್ ಆಗ ತಕರಾರು ತೆಗೆದರಂತೆ. ಡಾಕ್ಟರು ಭೂಮಿ ಬಿಟ್ಟು ಕದಲುವ ಹಾಗಿಲ್ಲ ಅಂದಮೇಲೆ ಉಳಿಯೋದು ಎರಡೇ ಕಥೆ. ಒಂದು, ಬೇರೆ ಗ್ರಹದವರು ದಂಡೆತ್ತಿ ಬರೋದು. ಎರಡು, ತಲೆಕೆಟ್ಟ ವಿಜ್ಞಾನಿ ಏನೋ ಅನಾಹುತ ಮಾಡೋದು. ಮೂರನೆಯದು ಎಲ್ಲಿದೆ?

ಕೊನೆಗೆ ಆ ಮೂರನೇ ಕಥೆಯನ್ನು ಬರೆದವರೂ ಅವರೇ. ದಂಡೆತ್ತಿ ಯಾರೂ ಬರಬೇಕಾಗಿಲ್ಲ, ಅವರು ಮೊದಲಿಂದಲೂ ಇಲ್ಲೇ ಇದ್ದರು!

ಕಥೆ ಹೀಗೆ. ಹಲ್ಲಿಗಳು ಆಳುತ್ತಿದ್ದ ಕಾಲದಲ್ಲಿ ಆಕಾಶದಿಂದ ಒಂದು ಪುಟ್ಟ ಗ್ರಹ ಭೂಮಿಯತ್ತ ಬರುವುದು ಕಾಣಿಸುತ್ತದೆ. ಸರ್ವನಾಶ ಖಂಡಿತ ಎಂದು ಹೆದರಿದ ದೊರೆಗಳು ನೆಲದಡಿಯ ಗವಿಗಳಲ್ಲಿ ಯಂತ್ರಗಳನ್ನಿಟ್ಟು ದೀರ್ಘ ನಿದ್ದೆಗೆ ಜಾರುತ್ತಾರೆ. ಅಪಾಯ ಕಳೆದ ಮೇಲೆ ಏಳೋಣ ಎಂಬ ಲೆಕ್ಕಾಚಾರ. ಆದರೆ ಬಂದ ಗ್ರಹ ಭೂಮಿಗೆ ಬಡಿಯಲೇ ಇಲ್ಲ. ಚಂದ್ರನಾಗಿ ಸುತ್ತುತ್ತಾ ನಿಂತುಬಿಟ್ಟಿತು. ಎಬ್ಬಿಸುವ ಯಂತ್ರ ಕೈಕೊಟ್ಟಿತು. ಕೋಟ್ಯಂತರ ವರ್ಷ ಕಳೆದು, ಮೇಲ್ಗಡೆ ಮನುಷ್ಯರು ಕಟ್ಟಿದ ಅಣುಶಕ್ತಿ ಕೇಂದ್ರದಿಂದಾಗಿ ಎಚ್ಚರವಾಗಿ ನೋಡುತ್ತಾರೆ, ತಮ್ಮ ಬೆಳೆ ಕದಿಯಲು ಬರುತ್ತಿದ್ದ ವಾನರರ ಮಕ್ಕಳೇ ಈಗ ಭೂಮಿಗೆ ಯಜಮಾನರು!

ಹೇಳಿ, ಈಗ ವಿಲನ್ ಯಾರು? ಮನೆ ಕಳಕೊಂಡ ಹಲ್ಲಿಗಳೇ? ಏನೂ ಅರಿಯದೆ ಆ ಮನೆಯಲ್ಲಿ ಸಂಸಾರ ಹೂಡಿದ ಮನುಷ್ಯರೇ? ಡಾಕ್ಟರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ಹೆಣಗುತ್ತಾನೆ. ಕೊನೆಗೆ ಅವನ ಬೆನ್ನ ಹಿಂದೆಯೇ ಸೇನಾಧಿಕಾರಿ ಗವಿಯನ್ನು ಸಿಡಿಮದ್ದಿಟ್ಟು ಮುಚ್ಚಿಸಿಬಿಡುತ್ತಾನೆ. ಮಕ್ಕಳೂ ನೋಡುವ ಧಾರಾವಾಹಿಯಲ್ಲಿ ಇಂಥ ಮುಕ್ತಾಯ!

ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಇದು ಪರದೇಶದ ಕಥೆ ಅನ್ನಿಸಲಿಕ್ಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಶರಾವತಿ ಕಣಿವೆಯ ಊರೂರೇ ನೀರಿನಡಿ ಹೋಯಿತು. ಮುಳುಗಡೆ ಸಂತ್ರಸ್ತರು ಎಂಬ ಮಾತು ಇಲ್ಲಿ ಸರ್ಕಾರಿ ಕಡತದ ಶಬ್ದ ಮಾತ್ರವಲ್ಲ, ಮನೆಮಾತು. ಅದೇ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು 'ಭೂಮಿ ಉಳುವವನದೋ, ಒಡೆಯನದೋ' ಎಂದು ಕೇಳಿ ಸತ್ಯಾಗ್ರಹಕ್ಕೆ ನಿಂತಿದ್ದರು. 'ಮೊದಲು ಇದ್ದವರು ಯಾರು, ಈಗ ಇರುವವರು ಯಾರು, ನೆಲ ಯಾರದು?' ಎಂಬ ಪ್ರಶ್ನೆಗೆ ಹುರುಪೆ ಅಂಟಿಸಿ, ಮೂರನೇ ಕಣ್ಣು ಇಟ್ಟರೆ ಅದೇ ಸೈಲೂರಿಯನ್ನರ ಕಥೆ.

ಅಂದಹಾಗೆ ಆ ಮೂರನೇ ಕಣ್ಣು ಬರೀ ಬುರುಡೆ ಅಲ್ಲ! ನಿಮ್ಮ ಹಿತ್ತಿಲ ಬೇಲಿಯ ಮೇಲೆ ಕತ್ತು ಕುಣಿಸುವ ಓತಿಕ್ಯಾತನ ನೆತ್ತಿ ನೋಡಿ. ಚಿಕ್ಕ ಚುಕ್ಕೆಯೊಂದಿದೆ. ಬೆಳಕು ಕತ್ತಲೆಯ ವ್ಯತ್ಯಾಸ ಅರಿಯುವ ಅಂಗ ಅದು. ಅದರಿಂದ ಬೆಂಕಿ ಮಾತ್ರ ಬರೋಲ್ಲ, ಅಷ್ಟೇ.

ಯಾರು ರಾಜ, ಯಾರು ಸೆರೆ?

ಹಲ್ಲಿ ಮತ್ತು ವಾನರರ ಈ ಜಗಳ ಸಿನಿಮಾಕ್ಕೆ ಹೊಸದೇನಲ್ಲ. 1933ರ 'ಕಿಂಗ್ ಕಾಂಗ್' ನೆನಪಿಸಿಕೊಳ್ಳಿ. ದ್ವೀಪದಲ್ಲಿ ದೈತ್ಯ ವಾನರನೇ ರಾಜ. ಹೀರೋಯಿನ್ ಫೇ ರೇ ಮರದ ಮೇಲೆ ಕೂತು ಕಿರುಚುತ್ತಿರುವಾಗ ಕಾಂಗ್ ದೈತ್ಯ ಹಲ್ಲಿಯ ದವಡೆ ಸೀಳುತ್ತಾನೆ. ಅಷ್ಟಾದ ಮೇಲೆ ಆಗುವುದೇನು? ಹಲ್ಲಿಯನ್ನು ಗೆದ್ದ ವಾನರ ಮನುಷ್ಯನ ಕೈಗೆ ಸಿಕ್ಕಿ, ಸರಪಳಿ ಬಿಗಿಸಿಕೊಂಡು ನ್ಯೂಯಾರ್ಕಿನ ರಂಗಮಂದಿರದಲ್ಲಿ ಟಿಕೆಟ್ ಪ್ರದರ್ಶನಕ್ಕೆ ನಿಲ್ಲುತ್ತಾನೆ! ಪರದೆಯ ಮೇಲೆ ಬೆಟ್ಟದಂತೆ ಕಾಣುವ ಆ ಕಾಂಗ್ ನಿಜದಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆ. ವಿಲ್ಲಿಸ್ ಒಬ್ರಯನ್ ಅದನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫ್ರೇಮ್, ಮತ್ತೆ ಕದಲಿಸಿ ಇನ್ನೊಂದು ಫ್ರೇಮ್ ಎಂದು ತೆಗೆದರು. ಒಂದು ಸೆಕೆಂಡಿಗೆ 24 ಫ್ರೇಮು. ತಾಳ್ಮೆ ಅಂದರೆ ಅದು ನೋಡಿ!

ಮರುವರ್ಷ, 1934ರ ಜನವರಿಯಲ್ಲಿ, ಅಮೆರಿಕದ ಪತ್ರಿಕೆಗಳಲ್ಲಿ 'ಫ್ಲಾಶ್ ಗಾರ್ಡನ್' ಶುರುವಾಯಿತು. ಬರೆದ ಕಲಾವಿದ ಅಲೆಕ್ಸ್ ರೇಮಂಡ್. ಹೀರೋ ಮಾಂಗೋ ಗ್ರಹದಲ್ಲಿ ಕಾಲಿಟ್ಟದ್ದೇ ತಡ, ಅಲ್ಲಿನ ಚಕ್ರವರ್ತಿ ಮಿಂಗ್ ಅವನನ್ನು ಕೆಂಪು ವಾನರರ ಜೊತೆ ಕಾದಾಡಲು ಅಖಾಡಕ್ಕೆ ನೂಕುತ್ತಾನೆ.

1966ರಲ್ಲಿ 'ಒನ್ ಮಿಲಿಯನ್ ಇಯರ್ಸ್ ಬಿ.ಸಿ.' ಬಂತು. ಒಬ್ರಯನ್‌ರ ಶಿಷ್ಯ ರೇ ಹ್ಯಾರಿಹೌಸೆನ್‌ರ ಗೊಂಬೆ ಹಲ್ಲಿಗಳು ಒಂದು ಕಡೆ, ತೊಗಲಿನ ಉಡುಪಿನ ರಾಕೆಲ್ ವೆಲ್ಚ್ ಇನ್ನೊಂದು ಕಡೆ. ಜನ ಯಾರನ್ನು ನೋಡಲು ಹೋದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ! 1968ರಲ್ಲಿ 'ಪ್ಲಾನೆಟ್ ಆಫ್ ದ ಏಪ್ಸ್' ಇಡೀ ಆಟವನ್ನೇ ತಿರುಗಿಸಿಹಾಕಿತು. ಅಲ್ಲಿ ವಾನರರು ಕುದುರೆ ಏರಿದ ದೊರೆಗಳು, ಮನುಷ್ಯರು ಪಂಜರದ ಪ್ರಾಣಿಗಳು. ಫ್ರೆಂಚ್ ಕಾದಂಬರಿಕಾರ ಪಿಯೇರ್ ಬೂಲ್ 1963ರಲ್ಲಿ ಬರೆದ ಕಥೆ ಅದು. ಅದಕ್ಕೆ ಮೇಕಪ್ ಮಾಡಿದ ಜಾನ್ ಚೇಂಬರ್ಸ್‌ಗೆ ಗೌರವ ಆಸ್ಕರ್ ಸಂದಿತು. ಆ ವಿಭಾಗಕ್ಕೆ ಆಗ ಬೇರೆ ಪ್ರಶಸ್ತಿಯೇ ಇರಲಿಲ್ಲ.

ಸಾಲಾಗಿ ಇಟ್ಟು ನೋಡಿ. ಒಂದರಲ್ಲಿ ಮನುಷ್ಯ ವಾನರನನ್ನು ಕಟ್ಟಿಹಾಕುತ್ತಾನೆ. ಇನ್ನೊಂದರಲ್ಲಿ ವಾನರ ಮನುಷ್ಯನನ್ನು. ಮತ್ತೊಂದರಲ್ಲಿ ಹಲ್ಲಿ ವಾನರನನ್ನು. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ಮನುಷ್ಯ ಹಲ್ಲಿಗಳನ್ನು ವಿದ್ಯುತ್ ಬೇಲಿಯೊಳಗೆ ಕೂಡುತ್ತಾನೆ, ಅವು ಬೇಲಿ ಮುರಿಯುತ್ತವೆ. ವೇಷ ಬದಲಾಗುತ್ತದೆ, ಸರಪಳಿ ಮಾತ್ರ ಅದೇ!

ಲೆಕ್ಕ ತಪ್ಪಿದ ಕೋಟಿಗಳು

ಇನ್ನು ಸ್ವಲ್ಪ ಲೆಕ್ಕದ ಪೀರಿಯಡ್ಡು. ಹೆದರಬೇಡಿ, ಬೇಗ ಮುಗಿಸೋಣ.

ಡೈನೋಸಾರುಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಹಕ್ಕಿಗಳ ಕುಲವೊಂದನ್ನು ಬಿಟ್ಟು ಉಳಿದವೆಲ್ಲ ಅಳಿದದ್ದು 6 ಕೋಟಿ 60 ಲಕ್ಷ ವರ್ಷದ ಹಿಂದೆ. ಬಾಲವಿಲ್ಲದ ವಾನರರು ಕಾಣಿಸಿಕೊಂಡದ್ದು ಹೆಚ್ಚುಕಡಿಮೆ ಎರಡೂವರೆ ಕೋಟಿ ವರ್ಷದ ಹಿಂದೆ. ನಮ್ಮ ನಿಮ್ಮಂಥ ಮನುಷ್ಯರ ವಯಸ್ಸು ಬರೀ 3 ಲಕ್ಷ ವರ್ಷ. ಅಂದರೆ ದೈತ್ಯ ಹಲ್ಲಿಗೂ ವಾನರನಿಗೂ ನಡುವೆ 4 ಕೋಟಿ ವರ್ಷದ ಇಂಟರ್‌ವಲ್! ಒಬ್ಬರ ಮುಖ ಒಬ್ಬರು ನೋಡಿದ್ದೇ ಇಲ್ಲ. ರಾಕೆಲ್ ವೆಲ್ಚ್ ಹಲ್ಲಿ ಕಂಡು ಕಿರುಚುವುದೆಲ್ಲ ಬರೀ ಸಿನಿಮಾ.

ಸೈಲೂರಿಯನ್ ಎಂಬ ಹೆಸರಂತೂ ಇನ್ನೂ ದೊಡ್ಡ ಎಡವಟ್ಟು. ಆ ಹೆಸರಿನ ಭೂಯುಗ 42ರಿಂದ 44 ಕೋಟಿ ವರ್ಷದ ಹಿಂದಿನದು. ಆಗ ಹಲ್ಲಿ ಇರಲಿ, ಹಲ್ಲಿಯ ಅಜ್ಜನೂ ನೆಲಕ್ಕೆ ಬಂದಿರಲಿಲ್ಲ. 1972ರಲ್ಲಿ ಬಂದ ಮುಂದಿನ ಕಥೆಯಲ್ಲಿ ಹಲ್ಕ್ ಸಾಹೇಬರು ಡಾಕ್ಟರ ಬಾಯಲ್ಲೇ 'ಆ ಹೆಸರು ತಪ್ಪು' ಎಂದು ಹೇಳಿಸಿ ಕೈತೊಳೆದುಕೊಂಡರು.

ಇಷ್ಟೆಲ್ಲ ತಪ್ಪಿದ್ದರೂ ಆ ಹೆಸರನ್ನು ವಿಜ್ಞಾನಿಗಳು ಕೈಬಿಡಲಿಲ್ಲ ನೋಡಿ! 2018ರಲ್ಲಿ ಆಡಮ್ ಫ್ರಾಂಕ್ ಮತ್ತು ಗೇವಿನ್ ಶ್ಮಿಟ್ ಎಂಬಿಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಬರೆದರು. ಕೋಟ್ಯಂತರ ವರ್ಷದ ಹಿಂದೆ ನಿಜಕ್ಕೂ ಯಾರಾದರೂ ಕಾರ್ಖಾನೆ ನಡೆಸಿ ಅಳಿದುಹೋಗಿದ್ದರೆ ನಮಗೆ ಗೊತ್ತಾಗುತ್ತಿತ್ತೆ? ಈ ಪ್ರಶ್ನೆಗೆ ಅವರಿಟ್ಟ ಹೆಸರೇ 'ಸೈಲೂರಿಯನ್ ಹೈಪಾಥಿಸಿಸ್', ಅಂದರೆ ಸೈಲೂರಿಯನ್ ಊಹೆ. ಹಾಗೆ ಯಾರೋ ಇದ್ದರು ಅಂತ ಅವರು ನಂಬಿದವರಲ್ಲ. ಪ್ರಶ್ನೆ ಮಾತ್ರ ಗಂಭೀರ. ಅವರ ಪ್ರಕಾರ ಅಷ್ಟು ಕಾಲದ ಮೇಲೆ ಕಟ್ಟಡ, ಚಿಮಣಿ, ರಸ್ತೆ ಯಾವುದೂ ಉಳಿಯೋಲ್ಲ. ಉಳಿದರೆ ಬಂಡೆಯ ಪದರದಲ್ಲಿ ಒಂದಿಷ್ಟು ಇಂಗಾಲದ ಏರುಪೇರು, ಒಂದಿಷ್ಟು ರಾಸಾಯನಿಕದ ಗುರುತು, ಅಷ್ಟೇ.

ಹಾಗಾದರೆ ನಮ್ಮ ಭದ್ರಾವತಿಯ ನೆಲ ಅಗೆದರೆ ದೈತ್ಯ ಹಲ್ಲಿಯ ಮೂಳೆ ಸಿಕ್ಕೀತೆ? ಇಲ್ಲ! ಇಲ್ಲಿನ ಬಂಡೆ ತೀರಾ ಹಳೆಯದು. ಉಕ್ಕಿನ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದ ಅದಿರಿನ ಶಿಲೆಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆಗ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ಭಾರತದ ದೈತ್ಯ ಹಲ್ಲಿಗಳು ಸಿಕ್ಕಿದ್ದು ಬೇರೆ ಕಡೆ. 1828ರಲ್ಲಿ ಜಬಲ್ಪುರದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಮೊದಲ ಮೂಳೆಗಳು ಸಿಕ್ಕವು. ಗುಜರಾತಿನ ರೈಯೋಲಿಯಲ್ಲಿ ಸಿಕ್ಕ ಮಾಂಸಾಹಾರಿಗೆ 2003ರಲ್ಲಿ ಇಟ್ಟ ಹೆಸರು 'ರಾಜಾಸಾರಸ್ ನರ್ಮದೆನ್ಸಿಸ್'. ಅರ್ಥ? ನರ್ಮದೆಯ ಹಲ್ಲಿರಾಜ! ಕಾಮಿಕ್ಸಿನವರು ಕಲ್ಪಿಸಿದ ಪದವಿಯನ್ನು ವಿಜ್ಞಾನಿಗಳೇ ದಯಪಾಲಿಸಿದರು.

ಕಾಗದನಗರದ ಪಾಲು

ಬೇತಾಳನೆಂದೂ ಹೆಸರಾದ ಫ್ಯಾಂಟಮ್ ಯಾವ ವರ್ಷ ಹುಟ್ಟಿದ ಗೊತ್ತೇ? 1936ರ ಫೆಬ್ರವರಿ. ಲೀ ಫಾಕ್ ಅವನ ಜನಕ. ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು ಯಾವಾಗ? ಅದೇ 1936! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಭದ್ರಾ ನದಿಯ ನೀರು, ಮಲೆನಾಡಿನ ಬಿದಿರು ನಂಬಿಕೊಂಡು ಕಟ್ಟಿದ ಕಾರ್ಖಾನೆ ಅದು. ಅದರ ಸುತ್ತ ಎದ್ದ ಊರೇ ಕಾಗದನಗರ. ಪೇಪರ್‌ಟೌನ್ ಎಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಆಮೇಲೆ ವರ್ಷಕ್ಕೆ 75,000 ಟನ್ ನ್ಯೂಸ್‌ಪ್ರಿಂಟ್ ಮಾಡುವ ತಾಕತ್ತಿನ ಯಂತ್ರಗಳು ಬಂದವು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡು, ಸೀಟಿನಲ್ಲಿ ಓದಿ, ಇಳಿಯುವಾಗ ಕಡಲೆಕಾಯಿ ಸುತ್ತುವ ಪತ್ರಿಕೆಗಳ ಜೀವವೇ ಆ ನ್ಯೂಸ್‌ಪ್ರಿಂಟು.

ಆ ದಶಕಗಳಲ್ಲಿ ಕನ್ನಡದ ಹುಡುಗರಿಗೆ ಚಿತ್ರಕಥೆಯ ಹುಚ್ಚು ಹಿಡಿಸಿದ್ದು ಯಾರು? 'ಚಂದಮಾಮ' 1949ರಿಂದಲೇ ಕನ್ನಡದಲ್ಲಿ ಬರುತ್ತಿತ್ತು. 1965ರಲ್ಲಿ ಶುರುವಾದ 'ಸುಧಾ' ವಾರಪತ್ರಿಕೆಯಲ್ಲಿ ಫ್ಯಾಂಟಮ್ ಮನೆಮಗನಾದ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. ಫ್ಯಾಂಟಮ್ಮನ ಈಡನ್ ದ್ವೀಪದಲ್ಲಿ ಹುಲಿ ಸಿಂಹಗಳೆಲ್ಲ ಮೀನು ತಿಂದು ಸಾಧುಗಳಾಗಿ ಬಾಳುತ್ತವಲ್ಲ, ಅಲ್ಲಿ ಸ್ಟೆಗಿ ಎಂಬ ಪುರಾತನ ದೈತ್ಯ ಹಲ್ಲಿಯೂ ಉಂಟು. ಅದೊಂದೇ ಹಲ್ಲಿ ಇರಬೇಕು, ಯಾರನ್ನೂ ಸೆರೆಹಿಡಿಯದೆ ಸುಖವಾಗಿದ್ದದ್ದು!

ಇನ್ನೊಂದು ಸಂಗತಿ ಕನ್ನಡಿಗರೇ ಮರೆತಿದ್ದಾರೆ. ದೇಶವೆಲ್ಲ ಕೊಂಡಾಡುವ 'ಅಮರ ಚಿತ್ರಕಥೆ' ಮೊದಲು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಹೂಡಿದ ಸಾಹಸ ಅದು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕಥೆಗಳ ಕನ್ನಡ ರೂಪ. ಅವು ಮಾರಾಟವಾದ ರೀತಿ ನೋಡಿಯೇ ಮುಂಬಯಿಯವರು ಧೈರ್ಯ ಮಾಡಿದ್ದು. ಹನ್ನೊಂದನೆಯದು 'ಕೃಷ್ಣ'. ಅದನ್ನು ರೂಪಿಸಿದ ಅನಂತ ಪೈ ಅವರೂ ನಮ್ಮ ಕಾರ್ಕಳದವರೇ.

ಓದುಗರಿದ್ದರು, ಕಾಗದವಿತ್ತು, ಕಲಾವಿದರಿದ್ದರು. ಆದರೂ ವಿಜ್ಞಾನದ ಅದ್ಭುತ ಕಥೆ ಅಂದರೆ ಮಾತ್ರ ನಾವು ಕೈಚಾಚಿದ್ದು ಪರದೇಶದ ಕಡೆಗೇ. ಈಗ ಆ ಕಾಗದವೂ ಇಲ್ಲ. 2015ರಲ್ಲಿ ಕಾರ್ಖಾನೆಯ ಯಂತ್ರಗಳು ನಿಂತವು. ದುಡಿದ ಮಂದಿ ಊರು ಬಿಟ್ಟು ಚದುರಿದರು, ಕ್ವಾರ್ಟರ್ಸುಗಳು ಖಾಲಿಯಾದವು. ಸೈಲೂರಿಯನ್ನರದು ಕೋಟಿ ವರ್ಷದ ನಿದ್ದೆ. ಮುಂದೊಂದು ದಿನ ಎಚ್ಚರವಾದೀತು ಎಂದು ಕಾದವರು ಇಲ್ಲಿಯೂ ಉಂಟು.

ಮೈಸೂರಿನ ಸೆರೆಯಾಳು

ಸೆರೆಸಿಕ್ಕ ವಾನರನ ಕಥೆ ನಮ್ಮಲ್ಲಿ ನಿಜವಾಗಿಯೇ ನಡೆದಿದೆ. ಕರ್ನಾಟಕದ ಕಾಡಿನಲ್ಲಿ ಕೋತಿ, ಮುಸುವ, ಸಿಂಗಳೀಕ ಇವೆ. ಎಲ್ಲಕ್ಕೂ ಬಾಲ ಉಂಟು. ಗೊರಿಲ್ಲಾ, ಚಿಂಪಾಂಜಿಯಂಥ ಬಾಲವಿಲ್ಲದ ವಾನರರು ಇಲ್ಲಿನವರಲ್ಲ. ಭಾರತದ ಕಾಡಿನಲ್ಲಿ ಅಂಥದ್ದು ಇರುವುದು ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ.

1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಒಬ್ಬ ಅತಿಥಿ ಬಂದ. ಹೆಸರು ಪೋಲೋ. ಗಂಡು ಗೊರಿಲ್ಲಾ. ಅನೇಕ ವರ್ಷ ಇಡೀ ಭಾರತಕ್ಕೆ ಅವನೊಬ್ಬನೇ ಗೊರಿಲ್ಲಾ! ಅವನಿಗೆ ಜೊತೆ ಹುಡುಕಲು ಮೃಗಾಲಯದವರು ವಿದೇಶಗಳಿಗೆಲ್ಲ ಬರೆದರು. ಸಿಗಲಿಲ್ಲ. ಶಾಲಾ ಪ್ರವಾಸದ ಮಕ್ಕಳು ಕಂದಕದ ಈಚೆ ನಿಂತು ಕೂಗುತ್ತಿದ್ದರೆ ಅವನು ಬೆನ್ನು ತಿರುಗಿಸಿ ಕೂತಿರುತ್ತಿದ್ದುದನ್ನು ನೋಡಿದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇರಬೇಕು. 2014ರಲ್ಲಿ ಪೋಲೋ ಒಂಟಿಯಾಗಿಯೇ ತೀರಿಕೊಂಡ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. ಈ ಸಲ ಒಂಟಿಯಲ್ಲ, ಜೊತೆಯಾಗಿ.

ಪೋಲೋನನ್ನು ನೋಡಿಕೊಂಡವರು ಅಕ್ಕರೆಯಿಂದಲೇ ನೋಡಿಕೊಂಡರು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಮಿಕ್ಸಿನ ಹಲ್ಲಿ ದೊರೆ ವಾನರನನ್ನು ಪಂಜರದಲ್ಲಿಟ್ಟರೆ ನಮಗೆ ರೋಮಾಂಚನ. ಅದೇ ನಾವು ಇಟ್ಟರೆ ಭಾನುವಾರದ ಪಿಕ್‌ನಿಕ್! ಕಥೆಗಾರ ನಮ್ಮ ಮುಖಕ್ಕೆ ಹಿಡಿದ ಕನ್ನಡಿ ಅದೇ.

ಬಂತು ನಮ್ಮ ಓತಿ!

ಪರದೇಶದ ಹಲ್ಲಿ ದೊರೆಗಳು ವಾನರರನ್ನು ಸೆರೆಹಿಡಿದ ಅದೇ 1980ರಲ್ಲಿ ಕನ್ನಡದಲ್ಲಿ ಒಂದು ಕಾದಂಬರಿ ಬಂತು. 'ಕರ್ವಾಲೋ'! ಬರೆದವರು ಶಿವಮೊಗ್ಗ ಜಿಲ್ಲೆಯ ಮಗ, ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ಕಥೆ ಶುರುವಾಗುವುದು ಜೇನು ಕೊಳ್ಳುವ ನೆಪದಲ್ಲಿ. ವಿಜ್ಞಾನಿ ಕರ್ವಾಲೋ, ಕಾಡಿನ ಮೂಲೆಮೂಲೆ ಬಲ್ಲ ಹಳ್ಳಿಗ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ಯಾರ, ಕ್ಯಾಮೆರಾ ಹಿಡಿದ ಪ್ರಭಾಕರ, ಕಿವಿ ಎಂಬ ನಾಯಿ, ಇವರೆಲ್ಲರ ಜೊತೆ ಕಥೆ ಹೇಳುವ ಲೇಖಕ. ಇಂಥ ತಂಡ ಯಾವ ಕಾಸ್ಟಿಂಗ್ ಡೈರೆಕ್ಟರಿಗೂ ಸಿಗೋಲ್ಲ! ಇವರೆಲ್ಲ ಹುಡುಕಿ ಹೊರಡುವುದು ಯುಗಯುಗಗಳ ಹಿಂದೆಯೇ ಅಳಿದಿರಬೇಕಾಗಿದ್ದ ಒಂದು ಹಾರುವ ಓತಿಯನ್ನು. ಅಲ್ಲಿ ಹಲ್ಲಿಗೆ ಸಿಂಹಾಸನವಿಲ್ಲ, ಯಂತ್ರವಿಲ್ಲ. ಒಂದು ಮರದ ಕಾಂಡ, ಒಂದು ಬಣ್ಣ, ಒಂದು ಕದಲಿಕೆ. ಅಷ್ಟಕ್ಕೇ ಓದುಗನ ಎದೆ ಡವಡವ!

ಕ್ಲೈಮ್ಯಾಕ್ಸ್ ಏನು? ಓತಿ ಕೈಗೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಕಣಿವೆಯ ಮೇಲೆ ತೇಲಿ ಕಣ್ಮರೆಯಾಗುತ್ತದೆ. ಜಗತ್ತಿಗೇ ಸುದ್ದಿಯಾಗಬೇಕಾಗಿದ್ದ ವಿಜ್ಞಾನಿ ಬರಿಗೈಲಿ ನಿಲ್ಲುತ್ತಾನೆ. ಆದರೂ ಓದಿ ಮುಗಿಸಿದವರಿಗೆ ಸೋಲು ಅನ್ನಿಸುವುದಿಲ್ಲ. 'ಅಬ್ಬ, ತಪ್ಪಿಸಿಕೊಂಡಿತಲ್ಲ!' ಅನ್ನಿಸುತ್ತದೆ. ಕಾಂಗ್ ಸಿಕ್ಕಿಬಿದ್ದ. ಪೋಲೋ ಸಿಕ್ಕಿಬಿದ್ದ. ನಮ್ಮ ಓತಿ ಮಾತ್ರ ಯಾರ ಕೈಗೂ ಸಿಗಲಿಲ್ಲ. ಸರಪಳಿಯೇ ಇಲ್ಲದ ಮುಕ್ತಾಯ ಬರೆದವರು ನಮ್ಮ ತೇಜಸ್ವಿ. ಆಮೇಲೆ ಅವರೇ 'ಮಿಸ್ಸಿಂಗ್ ಲಿಂಕ್' ಪುಸ್ತಕದಲ್ಲಿ ವಾನರನಿಂದ ಮನುಷ್ಯನವರೆಗಿನ ದಾರಿಯನ್ನೂ ಹುಡುಕುತ್ತಾ ಹೋದರು. ಹಲ್ಲಿಯೂ ಅವರದೇ, ವಾನರನೂ ಅವರದೇ!

ಆ ಹಾರುವ ಓತಿ ಬರೀ ಕಲ್ಪನೆಯಲ್ಲ. ಕಾದಂಬರಿಯಲ್ಲಿರುವಂಥ ಯುಗಾಂತರದ ಪ್ರಾಣಿ ಅಲ್ಲದಿದ್ದರೂ ಅದರ ನೆಂಟ ನಮ್ಮ ತೋಟಗಳಲ್ಲೇ ಉಂಟು. ವಿಜ್ಞಾನಿಗಳು ಇಟ್ಟ ಹೆಸರು 'ಡ್ರ್ಯಾಕೋ ದುಸ್ಸುಮಿಯೇರಿ'. ಬಾಲ ಸೇರಿದರೆ ಗೇಣುದ್ದ. ಪಕ್ಕೆಲುಬುಗಳೇ ಚಾಚಿಕೊಂಡು ಅವುಗಳ ಮೇಲೆ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಒಂದು ಅಡಿಕೆ ಮರದಿಂದ ಜಿಗಿದು ಇನ್ನೊಂದಕ್ಕೆ ತೇಲುತ್ತದೆ. ಗಂಡಿಗೆ ಗಂಟಲ ಕೆಳಗೆ ಹಳದಿ ಚೀಲ. ಊಟಕ್ಕೆ ಇರುವೆ. ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕಿಳಿಯುತ್ತದೆ.

ದೊರೆ ಬೇಕೇ ಬೇಕು ಅನ್ನುವವರಿಗೆ ಆಗುಂಬೆಯಲ್ಲಿ ಕಾಳಿಂಗ ಸರ್ಪ ಉಂಟು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ಆ ಊರಿನಲ್ಲೇ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು ತೀರ್ಮಾನಿಸಿ 'ಒಫಿಯೋಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ಕನ್ನಡದ ಶಬ್ದ ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಹೋಯಿತು! ನಾಗರಹಾವನ್ನೇ ನುಂಗುವ ಈ ದೊರೆ ಮನುಷ್ಯ ಬಂದರೆ ಮಾತ್ರ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಾನೆ.

ಆದರೆ ಒಂದು ಮಾತು ಮರೆಯಬಾರದು. ಕಾಗದಕ್ಕೆ ಮೊದಲು ಹೋದದ್ದು ಬಿದಿರು. ಆಮೇಲೆ ಮಲೆನಾಡಿನ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ಸಾಲುಗಳು ಎದ್ದವು. 2020ರಲ್ಲಿ ನೆಡುತೋಪುಗಳ ಗುತ್ತಿಗೆ ಮುಗಿದು ಮುಂದುವರಿಸುವ ಮಾತು ಬಂದಾಗ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಮಲೆನಾಡಿನ ಜನ ಬೀದಿಗಿಳಿದರು. ಒಂದು ಕಡೆ ಕೆಲಸ ಕಳಕೊಂಡ ಕಾರ್ಖಾನೆಯ ಸಂಸಾರಗಳು. ಇನ್ನೊಂದು ಕಡೆ ಸಹಜ ಕಾಡು ಉಳಿಯಲಿ ಎನ್ನುವ ಹಳ್ಳಿಗಳು. ಇಬ್ಬರಲ್ಲಿ ಯಾರನ್ನು ವಿಲನ್ ಅನ್ನುತ್ತೀರಿ? ಮತ್ತೆ ಅದೇ ಮೂರನೇ ಕಥೆ! ಗವಿಯನ್ನು ಸಿಡಿಮದ್ದಿಟ್ಟು ಮುಚ್ಚಿಸುವುದು ಸುಲಭ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಡಾಕ್ಟರು ಸಿಗುವುದು ಕಷ್ಟ.

ನಿರ್ಮಾಪಕರೇ, ಕೇಳಿಸಿತೇ?

ತೇಜಸ್ವಿ ಕಥೆಗಳು ಪರದೆಗೆ ಹೊಸವಲ್ಲ. ಎನ್. ಲಕ್ಷ್ಮೀನಾರಾಯಣರ 'ಅಬಚೂರಿನ ಪೋಸ್ಟಾಫೀಸು' 1973ರಷ್ಟು ಹಿಂದೆಯೇ ಬಂತು. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ರಾಷ್ಟ್ರದ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಗೆದ್ದಿತು. ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದುಕೊಟ್ಟಿತು. 2016ರಲ್ಲಿ ಸುಮನಾ ಕಿತ್ತೂರು 'ಕಿರಗೂರಿನ ಗಯ್ಯಾಳಿಗಳು' ಮಾಡಿದರು. 2023ರಲ್ಲಿ ಶಶಾಂಕ್ ಸೋಗಾಲ್ 'ಡೇರ್‌ಡೆವಿಲ್ ಮುಸ್ತಾಫಾ' ತಂದಾಗ ಕಾಲೇಜು ಹುಡುಗರು ಮತ್ತೆ ತೇಜಸ್ವಿ ಪುಸ್ತಕ ಹುಡುಕಿಕೊಂಡು ಹೋದರು.

'ಜುರಾಸಿಕ್ ಪಾರ್ಕ್'ನ ಎರಡು ಗಂಟೆಯಲ್ಲಿ ದೈತ್ಯ ಹಲ್ಲಿಗಳು ಕಾಣಿಸಿಕೊಳ್ಳುವುದು ಸುಮಾರು ಕಾಲು ಗಂಟೆ ಮಾತ್ರ! ಉಳಿದದ್ದೆಲ್ಲ ಕಾಯಿಸುವ ಕಸರತ್ತು. ಕರ್ವಾಲೋವಿನ ಓತಿಗೆ ಅಷ್ಟೂ ಬೇಡ. ನಾಲ್ಕು ನಿಮಿಷ ಸಾಕು. ಉಳಿದದ್ದನ್ನು ಮಂದಣ್ಣ, ಕರಿಯಪ್ಪ, ಪ್ಯಾರ ನೋಡಿಕೊಳ್ಳುತ್ತಾರೆ. ಕೋಟಿ ಕೋಟಿ ಸುರಿದು ಲಂಡನ್ನಿನಲ್ಲಿ ಹಾಡು ತೆಗೆಯುವವರು ಒಂದು ಮಳೆಗಾಲ ಮಲೆನಾಡಿಗೆ ಬಂದು ನೋಡಲಿ. ಸಿನಿಮಾ ಆಗದಿದ್ದರೆ ಬೇಡ, ನಮ್ಮದೇ ಕಲಾವಿದರ ಕೈಯಲ್ಲಿ ಬಣ್ಣದ ಚಿತ್ರಕಥೆಯಾಗಲಿ. ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕ್ಲಿಪ್ಪು ಹಾಕಿ ನೇತುಹಾಕಲಿ. ಭದ್ರಾವತಿ ತಲುಪುವುದರೊಳಗೆ ಒಬ್ಬ ಹುಡುಗ ಓದಿ ಮುಗಿಸಿ, ಬಸ್ಸಿನ ಕಿಟಕಿಯಿಂದ ಅಡಿಕೆ ತೋಟದ ಕಡೆ ಕಣ್ಣು ಕಿರಿದುಮಾಡಿ ನೋಡಿದರೆ ಸಾಕು, ಹಾಕಿದ ಬಂಡವಾಳ ಬಂದಂತೆಯೇ.

ಏನಂತೀರಿ ಓದುಗರೇ?